ಬೆಟ್ಟದೂರುಗಳಲ್ಲಿ ಬರೆದ ಬೇಸಿಗೆಯ ಚಿತ್ರಗಳು

ಬೇಸಿಗೆ ರಜೆ ಬಂತೆಂದರೆ ಕಾರಿನ ಹಿಂಬದಿಯಲ್ಲಿ ಚಪಾತಿ ಡಬ್ಬ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ತುಂಬಿಕೊಂಡು ಬ್ರೆನ್ನರ್ ಘಟ್ಟ ಇಳಿದು ಇಟಲಿಗೆ ಹೋಗುವ ಕುಟುಂಬಗಳು ನಮ್ಮ ಸಂಘದಲ್ಲಿ ಹಲವಾರು. ನಾವೂ ಆ ಪೈಕಿಯವರೇ. ವೆನಿಸ್ಸಿನ ನೀರುಬೀದಿ, ಪೀಸಾದ ವಾಲುಗೋಪುರ, ರೋಮಿನ ಕೊಲೋಸಿಯಂ ಇವಿಷ್ಟನ್ನು ನೋಡಿ, ಫೋಟೋ ತೆಗೆದು, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ ಹಿಂತಿರುಗುವುದು ವಾಡಿಕೆ. ಹೆದ್ದಾರಿಯ ಎರಡೂ ಬದಿಗೆ ಗುಡ್ಡಗಳ ನೆತ್ತಿಯ ಮೇಲೆ ಒತ್ತೊತ್ತಾಗಿ ಮನೆ ಕಟ್ಟಿಕೊಂಡ ಚಿಕ್ಕ ಊರುಗಳು ಕಾಣುತ್ತವೆ. "ಎಷ್ಟು ಚೆನ್ನಾಗಿದೆ!" ಎನ್ನುತ್ತೇವೆ, ಮುಂದೆ ಹೋಗುತ್ತೇವೆ.

ಇನ್ನೂರು ವರ್ಷಗಳ ಹಿಂದೆ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ಡೆನ್ಮಾರ್ಕ್ ದೇಶಗಳಿಂದ ಬಂದ ಚಿತ್ರಕಾರರು ಹೀಗೆ ಮುಂದೆ ಹೋಗುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ಬೇಸಿಗೆಯ ತಿಂಗಳುಗಳನ್ನು ಕಳೆಯುತ್ತಿದ್ದುದೇ ಈ ಊರುಗಳಲ್ಲಿ. ಅಲ್ಲಿ ಬಯಲಲ್ಲಿ ಕುಳಿತು, ಅಂಗೈಯಗಲದಿಂದ ಹಿಡಿದು ಒಂದು ಮೊಳದವರೆಗಿನ ಕಾಗದಗಳ ಮೇಲೆ ಅವರು ಬರೆದ ತೈಲವರ್ಣದ ಚಿತ್ರಗಳಿಗೆ ಒಂದು ವಿಚಿತ್ರ ಚರಿತ್ರೆಯಿದೆ. ಬರೆದವರೇ ಅವುಗಳನ್ನು ಚಿತ್ರಗಳೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರದರ್ಶನಕ್ಕೆ ಕಳಿಸಲಿಲ್ಲ, ಸಹಿ ಹಾಕಲಿಲ್ಲ, ಮಾರಲೂ ಇಲ್ಲ. ಇಂದು ಪ್ಯಾರಿಸ್, ಲಂಡನ್, ಹ್ಯಾಂಬರ್ಗ್‌ಗಳ ವಸ್ತುಸಂಗ್ರಹಾಲಯಗಳಲ್ಲಿ ಜನ ನಿಂತು ನೋಡುವುದು ಅವನ್ನೇ. ಅವರು ತಿಂಗಳುಗಟ್ಟಲೆ ಕಷ್ಟಪಟ್ಟು ಮುಗಿಸಿದ ದೊಡ್ಡ ಚಿತ್ರಗಳ ಮುಂದೆ ಅಷ್ಟು ಜನರಿರುವುದಿಲ್ಲ. ಇದು ಹೇಗಾಯಿತು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಬಯಲಲ್ಲಿ ಕುಳಿತು ಬಣ್ಣ ಹಾಕುವುದನ್ನು ಮೋನೆ ಮೊದಲಾದ ಇಂಪ್ರೆಷನಿಸ್ಟರು ಆರಂಭಿಸಿದರು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಪದ್ಧತಿ ಅದಕ್ಕಿಂತ ಬಹಳ ಹಳೆಯದು. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಯೋಆಕಿಮ್ ಫಾನ್ ಸಾಂಡ್ರಾರ್ಟ್ (1606–1688) ಎಂಬ ಚಿತ್ರಕಾರ 1675ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ತಾನು ರೋಮಿನ ಬಳಿಯ ತಿವೋಲಿ ಎಂಬ ಬೆಟ್ಟದೂರಿನ ಜಲಪಾತದ ಹತ್ತಿರ ಪ್ರಕೃತಿಯನ್ನು ಎದುರಿಗಿಟ್ಟುಕೊಂಡು ಬಣ್ಣದಲ್ಲಿ ಕೆಲಸ ಮಾಡುತ್ತಿದ್ದುದಾಗಿಯೂ, ಅದನ್ನು ನೋಡಿಯೇ ಪ್ರಸಿದ್ಧ ಕ್ಲೋದ್ ಲೋರ‍್ಯಾನ್ ಆ ಪದ್ಧತಿಯನ್ನು ಹಿಡಿದನೆಂದೂ ಬರೆದಿದ್ದಾನೆ. ಸಾಂಡ್ರಾರ್ಟ್ ತನ್ನ ಹೆಗ್ಗಳಿಕೆಯನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಂಡಿರಬಹುದು. ಆದರೂ 17ನೆಯ ಶತಮಾನದಲ್ಲೇ ಈ ಅಭ್ಯಾಸವಿತ್ತು ಎನ್ನುವುದಕ್ಕೆ ಅವನ ಮಾತು ಸಾಕ್ಷಿ.

ಅಭ್ಯಾಸವನ್ನು ಶಾಸ್ತ್ರವಾಗಿ ಮಾಡಿದವನು ಪಿಯರ್ ಆನ್ರಿ ದ ವಾಲೆನ್ಸಿಯೆನ್ (1750–1819). ಈ ಫ್ರೆಂಚ್ ಮೇಷ್ಟ್ರು ಇಟಲಿಯಲ್ಲಿ ಹಲವು ವರ್ಷವಿದ್ದು, ರೋಮಿನ ಮನೆಗಳ ಮಾಳಿಗೆ, ಮೋಡ, ಮರ ಏನು ಕಂಡರೂ ಕಾಗದದ ಮೇಲೆ ಬಣ್ಣದಲ್ಲಿ ಇಳಿಸಿದ. ಒಂದೇ ಮನೆಯ ಸೂರನ್ನು ಬಿಸಿಲು ಬಿದ್ದಾಗ ಒಮ್ಮೆ, ನೆರಳು ಬಿದ್ದಾಗ ಒಮ್ಮೆ ಬರೆದಿದ್ದಾನೆ. 1800ರಲ್ಲಿ ಅವನು ಅಚ್ಚು ಹಾಕಿಸಿದ ಪಾಠಪುಸ್ತಕದ ಸೂಚನೆಗಳನ್ನು ಓದಿದರೆ ಸಂಗೀತದ ಮೇಷ್ಟ್ರ ಶಿಸ್ತು ನೆನಪಾಗುತ್ತದೆ. ಬಯಲಲ್ಲಿ ಬರೆಯುವ ಅಭ್ಯಾಸಚಿತ್ರವನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಸೂರ್ಯೋದಯ, ಸೂರ್ಯಾಸ್ತಗಳಾದರೆ ಅರ್ಧ ಗಂಟೆ ಮೀರಬಾರದು. ಮೊದಲು ಆಕಾಶ, ಏಕೆಂದರೆ ಉಳಿದ ಬಣ್ಣಗಳೆಲ್ಲ ಅದನ್ನು ಅನುಸರಿಸಿ ನಡೆಯುತ್ತವೆ. ಕಾರಣ ಸರಳವಾದದ್ದು. ಎರಡು ಗಂಟೆ ಕಳೆದರೆ ಸೂರ್ಯ ಸರಿದಿರುತ್ತಾನೆ, ನೆರಳು ಬೇರೆ ಕಡೆ ತಿರುಗಿರುತ್ತದೆ. ಆಮೇಲೆ ಬರೆಯುವುದು ಎದುರಿಗಿರುವ ದೃಶ್ಯವಲ್ಲ, ತಲೆಯಲ್ಲಿರುವ ದೃಶ್ಯ.

ಆದರೆ ಇದೇ ಮೇಷ್ಟ್ರ ಪ್ರಕಾರ ಆ ಎರಡು ಗಂಟೆಯ ಕೆಲಸ ಬರಿಯ ಸಾಧಕ. ಗಾಯಕ ಬೆಳಗಿನ ಜಾವ ಸ್ವರ ಸಾಧನೆ ಮಾಡುತ್ತಾನೆ, ಅದನ್ನು ಕಚೇರಿ ಎನ್ನುವುದಿಲ್ಲ. ಹಾಗೆಯೇ ನಿಜವಾದ ಚಿತ್ರವೆಂದರೆ ಸ್ಟುಡಿಯೋದಲ್ಲಿ ಕುಳಿತು, ಪುರಾಣದ ಅಥವಾ ಪ್ರಾಚೀನ ರೋಮಿನ ಕಥೆಯೊಂದನ್ನು ಸೇರಿಸಿ, ಮರ ಗಿಡ ಬೆಟ್ಟಗಳನ್ನು ಜೋಡಿಸಿ, ನಯವಾಗಿ ಮುಗಿಸಿದ ಚಿತ್ರ. 1816ರಲ್ಲಿ ಫ್ರಾನ್ಸಿನ ಅಕಾಡೆಮಿ ಇಂಥ ಭೂದೃಶ್ಯಕ್ಕೆಂದೇ ರೋಮ್ ಬಹುಮಾನವೊಂದನ್ನು ಸ್ಥಾಪಿಸಿತು. ಮೊದಲ ಸಲ 1817ರಲ್ಲಿ ಅದು ಅಶಿಲ್ ಎತ್ನಾ ಮಿಶಲೋನ್ ಎಂಬ ತರುಣನಿಗೆ ಸಂದಿತು. ಅವನೂ ವಾಲೆನ್ಸಿಯೆನ್‌ನ ಶಿಷ್ಯನೇ.

ಬೇಸಿಗೆಯಲ್ಲಿ ಬೆಟ್ಟಕ್ಕೇ ಏಕೆ ಹೋಗುತ್ತಿದ್ದರು? ಸೊಬಗಿಗಾಗಿ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸೊಬಗಿಗಿಂತ ಮೊದಲಿನ ಕಾರಣ ಚಳಿಜ್ವರ. ಜೂನ್ ಕಳೆದ ಮೇಲೆ ರೋಮ್ ನಗರ ಮತ್ತು ಅದರ ಸುತ್ತಲಿನ ಕಂಪಾನ್ಯಾ ಬಯಲು ಮಲೇರಿಯಾದ ತವರಾಗುತ್ತಿತ್ತು. ಹಣವಂತರು, ಪಾದ್ರಿಗಳು ಎಲ್ಲರೂ ಮೇಲಿನ ಊರುಗಳಿಗೆ ಹತ್ತುತ್ತಿದ್ದರು; ಚಿತ್ರಕಾರರೂ ಹತ್ತಿದರು. ಮಲೇರಿಯಾ ಎಂಬ ಪದವೇ ಇಟಲಿಯದು, 'ಕೆಟ್ಟ ಗಾಳಿ' ಎಂದು ಅರ್ಥ. ಜೌಗಿನ ಹಬೆಯಿಂದ ಜ್ವರ ಬರುತ್ತದೆಂದು ಜನ ನಂಬಿದ್ದರು. ನಿಜವಾದ ಗುಟ್ಟು ಹೊರಬಿದ್ದುದು ನಮ್ಮ ದೇಶದಲ್ಲಿ. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ನೇಮಕವಾಗಿದ್ದ ಡಾಕ್ಟರ್ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಮರುವರ್ಷ ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು, ಮನುಷ್ಯರಿಗೆ ರೋಗ ಹರಡುವುದು ಅನಾಫಿಲೀಸ್ ಜಾತಿಯ ಸೊಳ್ಳೆ ಎಂದು ತೋರಿಸಿದರು. ಮಲೆನಾಡಿನ ಕಡೆಯ ನಮ್ಮ ಹಿರಿಯರಿಗೆ ಇಲ್ಲೊಂದು ಸೋಜಿಗ ಕಾಣಬಹುದು. ನಮ್ಮಲ್ಲಿ ಜ್ವರಕ್ಕೆ ಹೆದರಿ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ರೋಮಿನವರು ಅದೇ ಜ್ವರಕ್ಕೆ ಹೆದರಿ ಬೆಟ್ಟ ಹತ್ತುತ್ತಿದ್ದರು.

ಅಂದಿನ ಸಲಕರಣೆಗಳ ವಿಷಯ ತಿಳಿದರೆ ಈ ಚಿತ್ರಗಳು ಏಕೆ ಚಿಕ್ಕವೆಂಬುದು ತಾನಾಗಿ ತಿಳಿಯುತ್ತದೆ. ಇಂದು ಅಂಗಡಿಯಲ್ಲಿ ಸಿಗುವ ಬಣ್ಣದ ಟ್ಯೂಬು ಆಗ ಇರಲಿಲ್ಲ. ಅಮೆರಿಕದ ಜಾನ್ ಗೋಫ್ ರ‍್ಯಾಂಡ್ ಎಂಬ ಚಿತ್ರಕಾರ ಲಂಡನ್ನಿನಲ್ಲಿದ್ದಾಗ ಮಡಿಸುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದುದು 1841ರಲ್ಲಿ. ಅದಕ್ಕೆ ಮೊದಲು ಎಣ್ಣೆಯಲ್ಲಿ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಪುಟ್ಟ ಚೀಲಗಳಲ್ಲಿ ತುಂಬಿ ಬಾಯಿ ಕಟ್ಟುತ್ತಿದ್ದರು. (ನಮ್ಮ ಸದಸ್ಯರಲ್ಲಿ ಮಡಿವಂತರಾದವರು ಈ ವಾಕ್ಯವನ್ನು ಬಿಟ್ಟು ಓದಬಹುದು.) ಚೀಲವನ್ನು ಮೊಳೆಯಿಂದ ಚುಚ್ಚಿ ಬೇಕಾದಷ್ಟು ಬಣ್ಣ ಹಿಂಡಿಕೊಂಡು, ಅದೇ ಮೊಳೆಯನ್ನು ಮತ್ತೆ ಬಿರಡೆಯಂತೆ ಚುಚ್ಚಿಡುವುದು. ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಗುಡ್ಡ ಹತ್ತುವಾಗ ಚೀಲ ಒಡೆದರೆ ಆ ದಿನದ ಕೆಲಸ ಹಾಳು. ಕ್ಯಾನ್ವಾಸ್ ಭಾರ, ಒದ್ದೆಯಾದರೆ ಮುಟ್ಟುವಂತಿಲ್ಲ. ಆದ್ದರಿಂದ ಮೊದಲೇ ಹದಮಾಡಿದ ಕಾಗದದ ಹಾಳೆಯನ್ನು ಬಣ್ಣದ ಪೆಟ್ಟಿಗೆಯ ಮುಚ್ಚಳಕ್ಕೆ ಗುಂಡುಸೂಜಿಯಿಂದ ಚುಚ್ಚಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಮಡಿಸುವ ಒಂದು ಪೀಠ, ನೆಲಕ್ಕೆ ನೆಡುವ ಒಂದು ದೊಡ್ಡ ಕೊಡೆ. ಕೊಡೆ ಬಿಸಿಲಿನ ಬೇಗೆಗೆ ಮಾತ್ರವಲ್ಲ. ಬೆಳ್ಳನೆಯ ಕಾಗದದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬಣ್ಣದ ಅಂದಾಜೇ ತಪ್ಪುತ್ತದೆ.

ಈ ಬೆಟ್ಟದೂರುಗಳಲ್ಲಿ ಜರ್ಮನರ ಪಾಲಿಗೆ ಅಚ್ಚುಮೆಚ್ಚಿನದು ಓಲೆವಾನೋ. ರೋಮಿನಿಂದ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರ, ಎತ್ತರ ಸುಮಾರು 570 ಮೀಟರ್. ಈ ಊರನ್ನು ಚಿತ್ರಕಾರರಿಗೆ ಪರಿಚಯಿಸಿದ ಕೀರ್ತಿ ಯೋಸೆಫ್ ಆಂಟನ್ ಕೋಖ್ (1768–1839) ಎಂಬ ಟಿರೋಲ್ ಪ್ರಾಂತದವನಿಗೆ ಸಲ್ಲಬೇಕು. ಬಾಲ್ಯದಲ್ಲಿ ದನ ಕುರಿ ಕಾಯುತ್ತಿದ್ದವನು. ಸ್ಟುಟ್‌ಗಾರ್ಟಿನ ಸೈನಿಕ ಶಿಸ್ತಿನ ಶಾಲೆಯಿಂದ 1791ರಲ್ಲಿ ಓಡಿಹೋಗಿ, ಆಲ್ಪ್ಸ್ ಅಲೆದು, ಕೊನೆಗೆ ರೋಮ್ ಸೇರಿದ. 1806ರಲ್ಲಿ ಓಲೆವಾನೋದ ಕಸ್ಸಾಂದ್ರಾ ರನಾಲ್ದಿ ಎಂಬಾಕೆಯನ್ನು ಮದುವೆಯಾಗಿ ಆ ಊರಿನ ಅಳಿಯನೇ ಆದ. ಅಳಿಯನ ಹಿಂದೆ ಅವನ ಸ್ನೇಹಿತರು ಬಂದರು, ಅವರ ಹಿಂದೆ ಅವರ ಸ್ನೇಹಿತರು. ಊರಿನ ಮೇಲಿನ ದಿಣ್ಣೆಯ ಕಾಸಾ ಬಾಲ್ದಿ ಎಂಬ ಮನೆ ಇವರೆಲ್ಲರ ಛತ್ರವಾಯಿತು.

ಕೋಖ್ ಮಾತ್ರ ಹಳೆಯ ಸಂಪ್ರದಾಯದವನು. ಬೆಟ್ಟದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಕೊಂಡು ಬಂದು, ರೋಮಿನ ಸ್ಟುಡಿಯೋದಲ್ಲಿ ಓಲೆವಾನೋದ ಬೆಟ್ಟ, ಬೈಬಲ್ಲಿನ ಜನ, ತನ್ನ ಕಲ್ಪನೆಯ ಮರಗಳನ್ನು ಸೇರಿಸಿ ಘನವಾದ ಚಿತ್ರಗಳನ್ನು ಕಟ್ಟುತ್ತಿದ್ದ. ಅವನ ಸುತ್ತ ಇದ್ದ ತರುಣರು ಬಣ್ಣವನ್ನೇ ಬೆಟ್ಟಕ್ಕೆ ಹೊತ್ತರು. ಗೇರಾ ಊರಿನ ಹೈನ್ರಿಖ್ ರೈನ್‌ಹೋಲ್ಡ್ (1788–1825) ಬರೆದ ಓಲೆವಾನೋದ ತೈಲವರ್ಣದ ಹಾಳೆಗಳು ಹ್ಯಾಂಬರ್ಗಿನ ಕುನ್ಸ್ಟ್‌ಹಾಲೆಯಲ್ಲಿವೆ. ಒಣಗಿದ ಹುಲ್ಲು, ಕಲ್ಲಿನ ಗೋಡೆ, ಮೇಲೆ ಬಿಳಿಚಿದ ಆಕಾಶ, ಇಷ್ಟೇ. ಕಥೆಯಿಲ್ಲ, ದೇವತೆಯಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಚಿತ್ರದುರ್ಗದ ಬಂಡೆಗಳ ಮೇಲೆ ನಡೆದವರಿಗೆ ಆ ಬಿಳಿಚಿದ ಆಕಾಶದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇವರಲ್ಲಿ ಬಹಳ ಜನ ಬಾಳಲಿಲ್ಲ ಎಂಬುದನ್ನೂ ಹೇಳಬೇಕು. ರೈನ್‌ಹೋಲ್ಡ್ ರೋಮಿನಲ್ಲೇ ತೀರಿಕೊಂಡಾಗ ಅವನಿಗೆ ಮೂವತ್ತಾರು. ಕೋಖನ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಹೈಡೆಲ್‌ಬರ್ಗಿನ ಕಾರ್ಲ್ ಫಿಲಿಪ್ ಫೋರ್ 1818ರ ಜೂನ್ ಸೆಕೆಯಲ್ಲಿ ಟೈಬರ್ ಹೊಳೆಗೆ ಈಜಲು ಇಳಿದು ಮುಳುಗಿದ, ವಯಸ್ಸು ಇಪ್ಪತ್ತೆರಡು. ಮೇಲೆ ಹೇಳಿದ ಬಹುಮಾನದ ಹುಡುಗ ಮಿಶಲೋನ್ ಪ್ಯಾರಿಸ್ಸಿಗೆ ಮರಳಿ 1822ರಲ್ಲಿ ತೀರಿಹೋದಾಗ ಇಪ್ಪತ್ತೈದು. ಮುಗಿಸಿದ ದೊಡ್ಡ ಚಿತ್ರಗಳು ಅವರಿಂದ ಎಷ್ಟು ಹೊರಬಂದಾವು? ಉಳಿದದ್ದು ಬಹುಪಾಲು ಹಾಳೆಗಳೇ.

ತಿವೋಲಿಯಲ್ಲಿ ನಡೆದ ಒಂದು ಪ್ರಸಂಗವನ್ನು ಡ್ರೆಸ್ಡೆನ್ನಿನ ಲುಡ್ವಿಗ್ ರಿಖ್ಟರ್ (1803–1884) ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1820ರ ದಶಕದಲ್ಲಿ ಅವನೂ ಮೂವರು ಗೆಳೆಯರೂ ಒಂದೇ ಜಾಗದಲ್ಲಿ ಕುಳಿತು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಎದುರಿಗಿದ್ದ ದೃಶ್ಯವನ್ನು ಇದ್ದಂತೆಯೇ ಬರೆಯಬೇಕೆಂದು ಪಣ ತೊಟ್ಟರು. ಮುಗಿದ ಮೇಲೆ ನೋಡಿದರೆ ನಾಲ್ಕು ಬೇರೆ ಬೇರೆ ಚಿತ್ರಗಳು. ಬರೆದ ನಾಲ್ವರ ಸ್ವಭಾವ ಎಷ್ಟು ಬೇರೆಯೋ ಅಷ್ಟು ಬೇರೆ. ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕರಾಗಿದ್ದ ಹೈನ್ರಿಖ್ ವೋಲ್ಫ್ಲಿನ್ 1915ರಲ್ಲಿ ಪ್ರಕಟಿಸಿದ ಕಲಾಚರಿತ್ರೆಯ ಪ್ರಸಿದ್ಧ ಗ್ರಂಥವನ್ನು ಈ ಪ್ರಸಂಗದಿಂದಲೇ ಆರಂಭಿಸುತ್ತಾರೆ. ಅಲ್ಲಿಗೆ ಬಂದಿದ್ದ ಫ್ರೆಂಚರ ಗುಂಪನ್ನು ಕಂಡು ಈ ಜರ್ಮನ್ ಹುಡುಗರು ಬೆರಗಾದುದನ್ನೂ ರಿಖ್ಟರ್ ಬರೆದಿದ್ದಾನೆ. ಜರ್ಮನರು ಪೆನ್ಸಿಲನ್ನು ಸೂಜಿಯಂತೆ ಚೂಪುಮಾಡಿ ಒಂದೊಂದು ಹುಲ್ಲೆಸಳನ್ನೂ ಗೀಚುತ್ತಿದ್ದರೆ, ಫ್ರೆಂಚರು ಭಾರಿ ಪೆಟ್ಟಿಗೆಗಳನ್ನು ತೆರೆದು ದಪ್ಪ ಕುಂಚಗಳಿಂದ ಬಣ್ಣವನ್ನು ಮೆತ್ತುತ್ತಿದ್ದರಂತೆ. ಇಬ್ಬರ ಎದುರಿಗೂ ಇದ್ದದ್ದು ಒಂದೇ ಬೆಟ್ಟ.

ಫ್ರೆಂಚರಲ್ಲಿ ಎಲ್ಲರನ್ನೂ ಮೀರಿಸಿದವನು ಕಮಿಲ್ ಕೊರೋ (1796–1875). ಇವನ ಕಥೆ ನಮ್ಮ ಅನೇಕ ಮನೆಗಳಲ್ಲಿ ನಡೆದಂಥದ್ದೇ. ತಂದೆ ಬಟ್ಟೆ ವ್ಯಾಪಾರದವರು, ತಾಯಿಯದು ಪ್ಯಾರಿಸ್ಸಿನಲ್ಲಿ ಹೆಸರಾದ ಟೋಪಿ ಅಂಗಡಿ. ಮಗ ಅಂಗಡಿಯಲ್ಲಿ ಕುಳಿತು ಬಾಳಲೆಂದು ಅವರಾಸೆ. ಮಗನಿಗೆ ಮೊಳ ಹಾಕುವುದು ಬರಲಿಲ್ಲ. ಕೊನೆಗೆ 1822ರಲ್ಲಿ, ತೀರಿಹೋದ ಮಗಳಿಗೆಂದು ಇಟ್ಟಿದ್ದ ವರ್ಷಕ್ಕೆ 1,500 ಫ್ರಾಂಕುಗಳನ್ನು ಮಗನ ಹೆಸರಿಗೆ ಮಾಡಿ, "ಹೋಗು, ನಿನ್ನಿಷ್ಟ" ಎನ್ನುವಂತೆ ಬಿಟ್ಟರು. ಆಗ ಅವನಿಗೆ ಇಪ್ಪತ್ತಾರು. ತನ್ನ ವಯಸ್ಸಿನವನೇ ಆದ ಮಿಶಲೋನ್‌ನ ಬಳಿ ಪಾಠ ಶುರುಮಾಡಿದ, ಕೆಲವೇ ತಿಂಗಳಲ್ಲಿ ಗುರು ತೀರಿಕೊಂಡ. 1825ರ ಡಿಸೆಂಬರಿನಲ್ಲಿ ಕೊರೋ ರೋಮ್ ತಲುಪಿ ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ ಇಟಲಿಯಲ್ಲಿದ್ದ.

1826ರ ಮಾರ್ಚಿಯಲ್ಲಿ ರೋಮಿನ ಫಾರ್ನೇಸೆ ತೋಟದಲ್ಲಿ ಕುಳಿತು ಅವನು ಮೂರು ಹಾಳೆ ಬರೆದ: ಬೆಳಗಿನ ಹೊತ್ತಿನದು ಒಂದು, ಮಧ್ಯಾಹ್ನ ಕೊಲೋಸಿಯಮ್ಮಿನದು ಒಂದು, ಸಂಜೆ ಫೋರಮ್ಮಿನದು ಒಂದು. ಬೆಳಗಿನ ಹೊತ್ತಿನಲ್ಲಿ ಬೆಳಗಿನ ಹಾಳೆಯನ್ನು ಮಾತ್ರ ಮುಟ್ಟುವುದು, ಸಂಜೆ ಸಂಜೆಯದನ್ನು ಮಾತ್ರ. ಹೀಗೆ ದಿನಗಟ್ಟಲೆ ಮಾಡಿದ. ಎರಡು ಗಂಟೆಯ ಕಟ್ಟಳೆಯನ್ನು ಮುರಿಯದೆ ಅದರ ಅವಧಿಯನ್ನು ಬೆಳೆಸಿದ ಜಾಣತನ ಇದು. ಬೇಸಿಗೆ ಬರುತ್ತಲೇ ಉತ್ತರಕ್ಕೆ ಹೊರಟು ಚಿವಿತಾ ಕಸ್ತೆಲ್ಲಾನಾ ಊರಿನ ಕೆಂಪು ಬಂಡೆಗಳ ನಡುವೆ ಕುಳಿತ, ಆಮೇಲೆ ತೆರ್ನಿಯ ಬಳಿಯ ಪಪಿನ್ಯೋ ಹಳ್ಳಿಯಲ್ಲಿ ಬೀಡುಬಿಟ್ಟ, ಸೆಪ್ಟೆಂಬರಿನಲ್ಲಿ ನಾರ್ನಿಗೆ ಬಂದ.

ನಾರ್ನಿಯೂ ಬೆಟ್ಟದೂರು. ಅದರ ಕೆಳಗೆ ನೇರಾ ಹೊಳೆಗೆ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಕಟ್ಟಿದ ಸೇತುವೆ ಮುರಿದು ನಿಂತಿದೆ. ಒಂದು ಕಮಾನು ಪೂರ್ತಿ, ಉಳಿದವು ಮೋಟು. ಕೊರೋ ಎತ್ತರದಲ್ಲಿ ಕುಳಿತು 34 ಸೆಂ.ಮೀ. ಅಗಲ 48 ಸೆಂ.ಮೀ. ಉದ್ದದ ಕಾಗದದ ಮೇಲೆ ಇದನ್ನು ಬರೆದ. ಮುಂಭಾಗದ ನೆಲಕ್ಕೂ ನೀರಿಗೂ ನಾಲ್ಕಾರು ಅಗಲ ಗೀರುಗಳು, ಮಣ್ಣುಬಣ್ಣದ ಹೊಳೆ, ಬಿಸಿಲಿಗೆ ಬಿಳುಪೇರಿದ ಕಲ್ಲು, ದೂರದಲ್ಲಿ ನೀಲಿ ಬೆಟ್ಟ. ಈಗ ಇದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹದಲ್ಲಿದೆ.

ಇದೇ ಹಾಳೆಯನ್ನು ಆಧಾರವಾಗಿಟ್ಟುಕೊಂಡು ಕೊರೋ ರೋಮಿನ ಸ್ಟುಡಿಯೋದಲ್ಲಿ ಅದರ ಇಮ್ಮಡಿ ಅಳತೆಯ ಇನ್ನೊಂದು ಚಿತ್ರ ಮಾಡಿ 1827ರ ಪ್ಯಾರಿಸ್ ಸಲೋನಿಗೆ ಕಳಿಸಿದ. ಸಲೋನ್ ಎಂದರೆ ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಸಲೂನಲ್ಲ. ಸರಕಾರ ನಡೆಸುತ್ತಿದ್ದ ದೊಡ್ಡ ಚಿತ್ರಪ್ರದರ್ಶನ. ಅಲ್ಲಿ ಚಿತ್ರ ತೂಗುಹಾಕಿದರೆ ಮಾತ್ರ ಚಿತ್ರಕಾರನೆಂದು ಲೆಕ್ಕ. ಟೋಪಿ ಅಂಗಡಿಯ ತಂದೆತಾಯಿಗೆ ಮಗ ದಾರಿ ತಪ್ಪಲಿಲ್ಲವೆಂದು ತೋರಿಸಬೇಕಾಗಿತ್ತಲ್ಲವೇ? ಈ ಎರಡನೆಯ ಚಿತ್ರ ಈಗ ಕೆನಡಾದ ಒಟ್ಟಾವಾ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. ಅದರಲ್ಲಿ ಸೇತುವೆಯೂ ಇದೆ, ಹೊಳೆಯೂ ಇದೆ. ಜೊತೆಗೆ ಮುಂಭಾಗದಲ್ಲಿ ಕಾಲೂರಲು ಭದ್ರವಾದ ನೆಲ ಬಂದಿದೆ, ಒಂದು ದಾರಿ ಬಂದಿದೆ, ಕುರಿಗಾಹಿಗಳು ಬಂದಿದ್ದಾರೆ, ಪಕ್ಕದಲ್ಲಿ ಕೊಡೆಯಂಥ ಪೈನ್ ಮರಗಳು ಎದ್ದಿವೆ. ಎಲ್ಲವೂ ಕ್ಲೋದ್ ಲೋರ‍್ಯಾನ್ ಹಾಕಿಕೊಟ್ಟ ಮೇಲ್ಪಂಕ್ತಿಯಂತೆ.

ಎರಡರಲ್ಲಿ ಯಾವುದು ಮೇಲು? ಇಂದಿನ ವಿಮರ್ಶಕರು ಒಂದೇ ಕಂಠದಿಂದ ಚಿಕ್ಕ ಹಾಳೆಯ ಕಡೆಗೆ ಕೈತೋರಿಸುತ್ತಾರೆ. ನಮಗೂ ಅದೇ ಪ್ರಿಯ. ಆ ಗೀರುಗಳಲ್ಲಿ ಸೆಪ್ಟೆಂಬರಿನ ಬಿಸಿಲು ಇನ್ನೂ ಆರಿಲ್ಲ. ಆದರೆ ದೊಡ್ಡ ಚಿತ್ರವನ್ನು ಕೃತಕ ಎಂದು ತಳ್ಳಿಹಾಕುವುದು ಅನ್ಯಾಯ. ಹಾಳೆಯಲ್ಲಿ ನೋಡುವವನಿಗೆ ನಿಲ್ಲಲು ಜಾಗವಿಲ್ಲ, ಕಣ್ಣು ಕಮರಿಗೆ ಜಾರುತ್ತದೆ. ಬರೆಯುತ್ತಿದ್ದವನಿಗೆ ಅದು ತೊಂದರೆಯಲ್ಲ, ಅವನು ಅಲ್ಲೇ ಕುಳಿತಿದ್ದ. ಪ್ಯಾರಿಸ್ಸಿನಲ್ಲಿ ನಿಂತು ನೋಡುವ ಅಪರಿಚಿತನಿಗೆ ನಾರ್ನಿಯ ಒಳಕ್ಕೆ ಬರಲು ಒಂದು ದಾರಿ ಬೇಕೆಂದು ಕೊರೋ ಭಾವಿಸಿದ, ದಾರಿ ಮಾಡಿಕೊಟ್ಟ. ಮೂವತ್ತೊಂದರ ಹೊಸಬನೊಬ್ಬ ಪರೀಕ್ಷೆಗೆ ಕೂರುವಾಗ ಇದಕ್ಕಿಂತ ಬೇರೆ ಏನು ಮಾಡಬಹುದಿತ್ತು?

ಕಾಲ ನಿಧಾನವಾಗಿ ತಿರುಗಿತು. ಕೊರೋ ತನ್ನ ಇಟಲಿಯ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ತರುಣ ಚಿತ್ರಕಾರರು ಕೇಳಿದರೆ ನಕಲು ಮಾಡಿಕೊಳ್ಳಲು ಮನೆಗೇ ಕೊಟ್ಟು ಕಳಿಸುತ್ತಿದ್ದ. 1849ರಲ್ಲಿ, ಅಂದರೆ ಬರೆದು ಇಪ್ಪತ್ತಮೂರು ವರ್ಷವಾದ ಮೇಲೆ, ಆ ಕೊಲೋಸಿಯಮ್ಮಿನ ಹಾಳೆಯನ್ನು ಸಲೋನಿನಲ್ಲಿ ಇಟ್ಟ. ಅದನ್ನೂ ಫೋರಮ್ಮಿನ ಹಾಳೆಯನ್ನೂ ಉಯಿಲಿನ ಮೂಲಕ ಲೂವ್ರ್‌ಗೆ ಬಿಟ್ಟುಹೋದ. ಜೀವಮಾನದಲ್ಲಿ ಬರೆದ ಸಾವಿರಾರು ಚಿತ್ರಗಳಲ್ಲಿ ರಾಷ್ಟ್ರಕ್ಕೆಂದು ಅವನು ಆರಿಸಿದ್ದು ಸಾಧಕದ ಹಾಳೆಗಳನ್ನು. ಅವನ ಶಿಷ್ಯನೆಂದು ಪಿಸಾರೋ 1860ರ ದಶಕದಲ್ಲಿ ಸಲೋನಿನ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಂಡ. ಅದೇ ಪಿಸಾರೋ 1874ರಲ್ಲಿ ಮೋನೆ ಮೊದಲಾದವರೊಡನೆ ಸೇರಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆಸಿದ. ಆ ವೇಳೆಗೆ ಟ್ಯೂಬು ಬಂದಿತ್ತು, ರೈಲು ಬಂದಿತ್ತು. ಬಯಲಲ್ಲಿ ಬರೆದುದನ್ನೇ ಚಿತ್ರವೆಂದು ಕರೆದು ಚೌಕಟ್ಟು ಹಾಕುವ ಧೈರ್ಯವೂ ಬಂದಿತ್ತು.

ಉಳಿದವರ ಹಾಳೆಗಳು ಇನ್ನೂ ತಡವಾಗಿ ಬೆಳಕು ಕಂಡವು. ವಾಲೆನ್ಸಿಯೆನ್‌ನ ನೂರಕ್ಕೂ ಮೀರಿದ ಹಾಳೆಗಳು ಲೂವ್ರ್‌ಗೆ ದಾನವಾಗಿ ಬಂದುದು 1930ರಲ್ಲಿ. ವೇಲ್ಸ್ ದೇಶದ ತಾಮಸ್ ಜೋನ್ಸ್ (1742–1803) ನೇಪಲ್ಸಿನ ಮಾಳಿಗೆಯ ಮೇಲೆ ಕುಳಿತು ಎದುರು ಮನೆಯ ಗೋಡೆ, ಕಿಟಕಿ, ಒಣಹಾಕಿದ ಬಟ್ಟೆಗಳನ್ನು ಸುಮಾರು 1782ರಲ್ಲಿ ಬರೆದಿದ್ದ. 11 ಸೆಂ.ಮೀ.ಗೆ 16 ಸೆಂ.ಮೀ., ಹೆಚ್ಚುಕಡಿಮೆ ಒಂದು ಪೋಸ್ಟ್‌ಕಾರ್ಡಿನಷ್ಟು. ಅವನ ಇಂಥ ಚಿತ್ರಗಳು ವಂಶಸ್ಥರ ಮನೆಯಿಂದ ಮಾರಾಟಕ್ಕೆ ಹೊರಬಂದುದು 1954ರಲ್ಲಿ. ಆ ಗೋಡೆ ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸೊತ್ತು.

ಮತ್ತೆ ಓಲೆವಾನೋ ವಿಷಯಕ್ಕೆ ಬರೋಣ. ಅಲ್ಲಿಂದ ಎದುರಿನ ಬೆಟ್ಟದ ಚಿವಿತೆಲ್ಲಾ ಊರಿಗೆ (ಈಗಿನ ಹೆಸರು ಬೆಲ್ಲೇಗ್ರಾ) ಹೋಗುವ ದಾರಿಯಲ್ಲಿ ಸೆರ್ಪೆಂತಾರಾ ಎಂಬ ಓಕ್ ಮರಗಳ ತೋಪಿದೆ. ಬಂಡೆಗಳ ನಡುವೆ ಸೊಟ್ಟಂಬಟ್ಟ ಬೆಳೆದ ಈ ಮರಗಳನ್ನು ಬರೆಯದ ಚಿತ್ರಕಾರನೇ ಇಲ್ಲವೆನ್ನಬಹುದು. ಕೋಖ್, ಕೊರೋ ಇಬ್ಬರೂ ಬರೆದಿದ್ದಾರೆ. 1873ರಲ್ಲಿ ತೋಪನ್ನು ಕಡಿದು ರೈಲು ಹಳಿಗಳ ಅಡಿಮರಗಳಿಗಾಗಿ ಮಾರುವ ಏರ್ಪಾಡಾಯಿತು. ಆಗ ಅಲ್ಲಿದ್ದ ಎಡ್ಮುಂಡ್ ಕಾನೋಲ್ಟ್ ಎಂಬ ಚಿತ್ರಕಾರ ಸುಮ್ಮನಿರಲಿಲ್ಲ. ಜರ್ಮನ್ ಚಿತ್ರಕಾರರಲ್ಲಿ ವಂತಿಗೆ ಎತ್ತಿ ತೋಪನ್ನೇ ಕೊಂಡುಬಿಟ್ಟರು. ಕೊಂಡ ಮೇಲೆ ಮುಂದೆ ಯಾರೂ ಕೊಡಲಿ ಹಾಕದಿರಲೆಂದು ಅದನ್ನು ಚಕ್ರವರ್ತಿ ಒಂದನೆಯ ವಿಲ್ಹೆಲ್ಮನಿಗೆ ಉಡುಗೊರೆಯಾಗಿ ಒಪ್ಪಿಸಿದರು. ಸಂಘದ ವಾರ್ಷಿಕ ಚಂದಾ ವಸೂಲಿಗೇ ನಾವು ಪಡುವ ಪಾಡನ್ನು ನೆನೆದರೆ ಕಾನೋಲ್ಟ್‌ಗೆ ಕೈಮುಗಿಯಬೇಕು.

ತೋಪು ಇಂದಿಗೂ ಇದೆ. ಅದರ ಪಕ್ಕದ ವಿಲ್ಲಾ ಸೆರ್ಪೆಂತಾರಾಕ್ಕೆ ಬರ್ಲಿನ್ನಿನ ಕಲಾ ಅಕಾಡೆಮಿ, ಕಾಸಾ ಬಾಲ್ದಿಗೆ ರೋಮಿನ ಜರ್ಮನ್ ಅಕಾಡೆಮಿ ಇಂದಿಗೂ ಕಲಾವಿದರನ್ನು, ಬರಹಗಾರರನ್ನು ವಿದ್ಯಾರ್ಥಿವೇತನ ಕೊಟ್ಟು ಕಳಿಸುತ್ತವೆ. ರೋಮಿಗೆ ಕಾರಿನಲ್ಲಿ ಹೋಗುವ ನಮ್ಮ ಸದಸ್ಯರು ಅರ್ಧ ದಿನ ಬಿಡುವು ಮಾಡಿಕೊಂಡರೆ ನೋಡಿ ಬರಬಹುದು. ಜುಲೈ ತಿಂಗಳಾದರೆ ಬೆಳಿಗ್ಗೆ ಹತ್ತರೊಳಗೆ ತಲುಪುವುದು ಒಳ್ಳೆಯದು. ಹನ್ನೊಂದರ ಮೇಲೆ ಆ ಬಂಡೆಗಳ ಮೇಲೆ ಕೂರುವುದಕ್ಕಾಗುವುದಿಲ್ಲ.